ಯಾವ ಸಾಕು?

ಬೀಗದಪ್ಪನಿಗೆ ಲಕ್ವ ಹೊಡೆದಾಗ ಬಾಯಲ್ಲಿದ್ದ ಮಾತುಗಳೆಲ್ಲ ಹೋಗಿ ಒಂದೇ ಒಂದು ಉಳಿಯಿತು. ಆ ಒಂದು, ‘ಸಾಕು’.

ಹೋದ ಮಾತುಗಳೇನು ಕಮ್ಮಿಯವಲ್ಲ. ಮನೆಯ ಕೆಳಗಿನ ಅಂಗಡಿಯಲ್ಲಿ ಕೂತು ಬೀಗ ಬಿಚ್ಚುತ್ತಾ, ಅರದಲ್ಲಿ ಕೀಲಿ ಉಜ್ಜುತ್ತಾ, ಆತ ಇಡೀ ಬೀದಿಗೆ ಮಾತು ಹಂಚಿದವನು. ‘ಬೀಗ ಇರೋದು ಕಳ್ಳರಿಗಲ್ಲಪ್ಪ, ಬೀಗರಿಗೆ. ಕಳ್ಳ ಬಂದ್ರೆ ಒಂದು ಸಲ ಬಂದು ಹೋಗ್ತಾನೆ’ ಅನ್ನುವುದು ಅವನ ಅಂಗಡಿಯ ಜಾಹೀರಾತು. ಮಗನಿಗೆ ಶ್ರೀಮಂತ ಮಾವ ಸಿಕ್ಕು, ಮಗ ಮಾವ ಕಟ್ಟಿಸಿಕೊಟ್ಟ ಮನೆಗೇ ಹೋಗಿ ಸೇರಿದಾಗ, ‘ಬೀಗರ ಮನೇಲಿ ನನ್ನ ಮಗನಿಗೇ ಬೀಗ ಬಿತ್ತು’ ಅಂದವನೂ ಅವನೇ. ಕೀಲಿ ಮಾಡಿಸಲು ಬಂದವರು ಕೀಲಿ ಆದಮೇಲೂ ಮಾತು ಮುಗಿಯಲಿ ಅಂತ ನಿಂತಿರುತ್ತಿದ್ದರು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇವನದು ಆಡದೆಯೇ ಹೋಯಿತು.

ಒಂದೇ ಮಾತು ಉಳಿಯುವುದೇ ಆಗಿದ್ದರೆ ‘ಹೌದು’ ಉಳಿಯಬಹುದಿತ್ತು, ‘ಬೇಡ’ ಉಳಿಯಬಹುದಿತ್ತು, ಕೊನೆಗೆ ಒಂದು ಬೈಗುಳವಾದರೂ ಉಳಿಯಬಹುದಿತ್ತು. ಉಳಿದದ್ದು ಸಾಕು. ಆ ಮಾತಿಗೋ ಎರಡು ಬಾಗಿಲು. ಒಂದು ಬಾಗಿಲಿಂದ ಬಂದರೆ, ಬೇಡ, ನಿಲ್ಲಿಸು. ಇನ್ನೊಂದರಿಂದ ಬಂದರೆ, ಇಟ್ಟುಕೋ, ಕೈಬಿಡಬೇಡ. ಯಾವ ಬಾಗಿಲಿಂದ ಬಂತು ಅನ್ನುವುದು ತಿಳಿಯುತ್ತಿದ್ದದ್ದು ಒಬ್ಬಳಿಗೇ, ದೊಡ್ಡ ಮಗಳಿಗೆ.

ದೊಡ್ಡ ಮಗಳನ್ನು ಊರು ಕರೆಯುತ್ತಿದ್ದದ್ದು ಬ್ರೇಕಮ್ಮ ಅಂತ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವಳ ಕೆಲಸ. ಕಲಿಸುವ ಕಾರಿಗೆ ಎರಡು ಬ್ರೇಕು, ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಇವಳ ಕಾಲಿಗೆ. ಸ್ಟೀರಿಂಗ್ ಅವರದು, ಜೀವ ಇಬ್ಬರದು, ಬ್ರೇಕು ಇವಳದು. ಹಾಗಾಗಿ ಹೆದರಿಕೆ ಆದಾಗಲೆಲ್ಲ, ಅಡುಗೆಮನೆಯಲ್ಲಿರಲಿ, ಬ್ಯಾಂಕಿನ ಸಾಲಿನಲ್ಲಿರಲಿ, ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಊರಿನ ಅರ್ಧ ಜನಕ್ಕೆ ಓಡಿಸಲು ಕಲಿಸಿದವಳು ಮಾತ್ರ ದಿನಾ ಅವೇ ನಾಲ್ಕು ಬೀದಿ ಸುತ್ತಿ ಅದೇ ಮನೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಗಾಣದ ಎತ್ತಿಗೆ ಲೈಸೆನ್ಸ್ ಕೊಟ್ಟ ಹಾಗೆ.

ಅಪ್ಪನ ಎರಡು ಸಾಕುಗಳ ನಡುವಿನ ಗೆರೆ ಅವಳಿಗೆ ಕಂಡದ್ದು ಒಂದು ಬೆಕ್ಕಿನಿಂದ. ಒಂದು ಬೆಳಿಗ್ಗೆ ಗಂಜಿ ತಿನ್ನಿಸುತ್ತಿದ್ದಾಗ, ಹೊಟ್ಟೆ ತುಂಬಿದ ಅಪ್ಪ ‘ಸಾಕ್’ ಅಂದ. ಕೊನೆಯ ಉಕಾರ ಒಳಗೇ ಉಳಿದು, ಬೀಗ ಕೂತ ಸದ್ದಿನ ಹಾಗೆ ಟಕ್ ಅಂತ ಮುಚ್ಚಿಕೊಂಡ ಸಾಕು. ಅಷ್ಟರಲ್ಲಿ ಕಿಟಕಿಯಿಂದ ಕಿವಿ ಹರಿದ ಬೆಕ್ಕೊಂದು ಒಳಗೆ ಇಳಿದು ಮಂಚದ ಮೂಲೆಯಲ್ಲಿ ಮುದುಡಿತು. ಓಡಿಸಲು ಅವಳು ಕೈ ಎತ್ತಿದಳು. ಅಪ್ಪ ಬೆಕ್ಕನ್ನು ನೋಡಿದ, ಮಗಳನ್ನು ನೋಡಿದ, ‘ಸಾ…ಕು’ ಅಂದ. ಸಾ ಉದ್ದಕ್ಕೆ, ಕು ಮೆಲ್ಲಗೆ, ಬಾಗಿಲು ಅರೆ ತೆರೆದಿಟ್ಟ ಹಾಗೆ. ಅವಳು ಎತ್ತಿದ ಕೈ ಇಳಿಸಿ ಗಂಜಿಯಲ್ಲಿ ಉಳಿದದ್ದನ್ನು ಬೆಕ್ಕಿಗೆ ಇಟ್ಟಳು. ಬೆಕ್ಕು ಅವತ್ತಿನಿಂದ ಮನೆಯದಾಯಿತು.

ಅಂದಮೇಲೆ ಆ ಮನೆಯಲ್ಲಿ ಸಾಕಿದ ಅಪ್ಪ, ಸಾಕುವ ಮಗಳು, ಸಾಕು ಬೆಕ್ಕು. ಮೂವರಲ್ಲಿ ಸಾಕಾಗಿದ್ದವಳು ಒಬ್ಬಳೇ.

ಹೀಗಿರುವಾಗ ಸ್ಕೂಲಿನ ಯಜಮಾನಿ ಒಂದು ಮಾತು ಹೇಳಿದಳು. ಬಂದರಿನ ಊರಲ್ಲಿ ಹೊಸ ಸ್ಕೂಲು ತೆರೆಯುತ್ತಿದ್ದೇನೆ, ನೀನೇ ಹೋಗಿ ನಡೆಸು, ಆಫೀಸಿನ ಮೇಲೆ ಒಂದು ರೂಮಿದೆ, ಕಿಟಕಿ ತೆಗೆದರೆ ಹಡಗು ಕಾಣುತ್ತೆ. ಈ ತಿಂಗಳೊಳಗೆ ಹೇಳು. ಇಲ್ಲಾಂದ್ರೆ ಬೇರೆಯವರಿದ್ದಾರೆ.

ಹಡಗು ಬ್ರೇಕಮ್ಮನಿಗೆ ಬೇಕಿರಲಿಲ್ಲ. ಕಿಟಕಿ ಬೇಕಿತ್ತು. ನಲವತ್ತು ದಾಟಿದ ಮೇಲೆ ತನ್ನದೇ ಅನ್ನುವ ಒಂದು ಬಾಗಿಲು, ಅದಕ್ಕೊಂದು ಕೀಲಿ, ಆ ಕೀಲಿ ತನ್ನ ಚೀಲದಲ್ಲಿ. ಬೀಗದವನ ಮಗಳಾಗಿ ಅವಳ ಹತ್ತಿರ ಇದ್ದದ್ದೆಲ್ಲ ಬೇರೆಯವರ ಬಾಗಿಲಿನ ಕೀಲಿಗಳೇ.

ತಮ್ಮನಿಗೆ ಫೋನು ಮಾಡಿ ಹೇಳಿದಳು. ಕೆಳಗಿನ ಅಂಗಡಿ ಬಾಡಿಗೆಗೆ ಕೊಟ್ಟರೆ ಒಬ್ಬ ನರ್ಸನ್ನು ಇಡಬಹುದು, ವಾರಕ್ಕೊಮ್ಮೆ ನೀನು ಬಂದು ನೋಡು, ತಿಂಗಳಿಗೊಮ್ಮೆ ಪುಟ್ಟಿ ಬರಲಿ. ಪುಟ್ಟಿ ಅಂದರೆ ತಂಗಿ, ಬೇರೆ ಊರಲ್ಲಿ ಇರುವವಳು, ‘ಬರ್ತೀನಿ ಬರ್ತೀನಿ’ ಅನ್ನುವುದರಲ್ಲಿ ಎಂದೂ ತಪ್ಪದವಳು.

‘ಹೋಗಕ್ಕಾ! ನೀನು ಹೋಗದೆ ಇನ್ಯಾರು ಹೋಗ್ತಾರೆ!’ ಅಂದ ತಮ್ಮ. ‘ನಿನ್ನ ಜೀವನ ನೀನು ನೋಡ್ಕೋಬೇಕು.’

ಅವಳಿಗೆ ಕಣ್ಣು ತುಂಬಿ ಬಂತು. ಮೂರನೆಯ ದಿನ ತಮ್ಮ ವಕೀಲರನ್ನು ಕರೆದುಕೊಂಡು ಬಂದ.

‘ನೀನು ಹೋಗೋದಾದ್ರೆ ಹೋಗು ಅಕ್ಕ, ಯಾರು ಬೇಡ ಅಂದ್ರು? ಅದಕ್ಕೆ ಮುಂಚೆ ಎಲ್ಲಾ ಒಂದು ವ್ಯವಸ್ಥೆ ಆಗಲಿ. ನಮ್ಮಲ್ಲಿ ನಂಬಿಕೆ ಇರಲಿ, ಅದಕ್ಕೇ ಟ್ರಸ್ಟ್ ಮಾಡೋಣ ಅಂತ.’

‘ನಂಬಿಕೆ ಇದ್ರೆ ಟ್ರಸ್ಟ್ ಯಾಕೋ?’

‘ನೋಡಿ ಸಾರ್, ಯಾವಾಗ್ಲೂ ಹೀಗೇ, ಅಪ್ಪನ ಥರ’ ಅಂತ ತಮ್ಮ ವಕೀಲರ ಕಡೆ ತಿರುಗಿ ನಕ್ಕ.

ವಕೀಲರು ನಗಲಿಲ್ಲ. ತೆಳ್ಳಗಿನ ಮನುಷ್ಯ, ಬಗಲಲ್ಲಿ ದಪ್ಪ ಫೈಲು; ದೂರದಿಂದ ನೋಡಿದರೆ ಫೈಲೇ ಅವರನ್ನು ಹಿಡಿದುಕೊಂಡು ಬಂದ ಹಾಗಿತ್ತು. ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ‘ನೋಡಿಯಮ್ಮಾ, ಉಯಿಲು ಅಂದ್ರೆ ಯಜಮಾನ್ರು ಹೋದಮೇಲೆ ನಡೆಯೋ ಮಾತು. ಅವರು ಇರುವಾಗ ಅದಕ್ಕೆ ಜೀವ ಇಲ್ಲ. ಟ್ರಸ್ಟ್ ಅಂದ್ರೆ ಇವತ್ತಿಂದಲೇ ನಡೆಯೋದು. ಮನೆ, ಅಂಗಡಿ ಎರಡನ್ನೂ ಟ್ರಸ್ಟಿಗೆ ಬರೆದುಬಿಡ್ತಾರೆ. ಅದನ್ನ ನೋಡ್ಕೊಳ್ಳೋಕೆ ಒಬ್ಬರು ಟ್ರಸ್ಟಿ. ಅದರಿಂದ ಬರೋದನ್ನ ತಗೊಳ್ಳೋರು ಫಲಾನುಭವಿಗಳು.’

‘ಟ್ರಸ್ಟಿ ಯಾರು?’

‘ನೀವು.’

‘ಫಲಾನುಭವಿಗಳು?’

‘ಮೂವರು ಮಕ್ಕಳೂ. ಆದ್ರೆ ನಿಮ್ಮ ಪಾಲಿಗೆ ಮಾತ್ರ ಒಂದು ಷರತ್ತಿದೆ. ನಾಲ್ಕನೇ ಕಲಮು.’ ಕನ್ನಡಕ ಸರಿ ಮಾಡಿಕೊಂಡು ಓದಿದರು. ‘ಹಿರಿಯ ಮಗಳು ಸದರಿ ಮನೆಯಲ್ಲಿಯೇ ವಾಸವಿರತಕ್ಕದ್ದು. ತಂದೆಯವರನ್ನು ಅವರ ಜೀವಿತಾವಧಿಯವರೆಗೆ ಸಾಕಿ ಸಲಹತಕ್ಕದ್ದು. ತದನಂತರವೂ ಮನೆಯನ್ನು ಬೀಳುಬಿಡದೆ ಅಲ್ಲಿಯೇ ಇದ್ದು ಕಾಪಾಡಿಕೊಂಡು ಬರತಕ್ಕದ್ದು. ಮನೆ ಬಿಟ್ಟಲ್ಲಿ ಆಕೆಯ ಪಾಲು ಉಳಿದಿಬ್ಬರಿಗೆ ಸೇರತಕ್ಕದ್ದು.’

‘ತಕ್ಕದ್ದು ತಕ್ಕದ್ದು ಅಂತೀರಲ್ಲ ಸಾರ್’ ಅಂದಳು ಬ್ರೇಕಮ್ಮ, ‘ಯಾರಿಗೆ ತಕ್ಕದ್ದು?’

‘ಅಕ್ಕಾ, ನಿನ್ನ ಒಳ್ಳೇದಕ್ಕೇ’ ಅಂದ ತಮ್ಮ. ‘ನಾಳೆ ಯಾರೂ ನಿನ್ನನ್ನ ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ.’

‘ನಾನೇ ಹೊರಗೆ ಹೋಗೋ ಹಾಗೂ ಇಲ್ಲ.’

ತಮ್ಮ ಮೇಜಿನ ಮೇಲಿಟ್ಟಿದ್ದ ಫೋನಿನಿಂದ ಪುಟ್ಟಿಯ ದನಿ ಬಂತು. ಅವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನುವುದು ಬ್ರೇಕಮ್ಮನಿಗೆ ಆಗಲೇ ಗೊತ್ತಾದದ್ದು. ‘ಅಕ್ಕಾ, ನಮಗೇನು ಆಸ್ತಿ ಆಸೆನಾ? ಅಪ್ಪನಿಗೆ ನೀನಿಲ್ದೆ ಆಗುತ್ತಾ ಹೇಳು? ಅಪ್ಪ ಹೇಳೋದು ನಿನಗೆ ಬಿಟ್ಟು ಯಾರಿಗೂ ತಿಳಿಯಲ್ಲ ಕಣೇ.’

‘ನೀನು ಬಂದು ಒಂದು ವಾರ ಇರು, ನಿನಗೂ ತಿಳಿಯುತ್ತೆ.’

‘ಬರ್ತೀನಿ ಬರ್ತೀನಿ’ ಅಂತ ಫೋನು ಇಟ್ಟಳು.

ಬ್ರೇಕಮ್ಮನ ಬಲಗಾಲು ನೆಲ ಒತ್ತುತ್ತಿತ್ತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಕೋಳಿಯ ಕೈಗೇ ಒರಳು ಕೊಟ್ಟಿದ್ದರು. ‘ಫಲ ಅವರಿಬ್ಬರಿಗೆ, ಅನುಭವ ನನಗೆ. ಒಟ್ಟು ಸೇರಿ ಫಲಾನುಭವ’ ಅಂದಳು. ಈ ಸಲ ವಕೀಲರ ತುಟಿ ಸ್ವಲ್ಪ ಅಲ್ಲಾಡಿತು.

ಬೇಡ ಅನ್ನಬಹುದಿತ್ತಲ್ಲ? ಅದನ್ನೂ ಅಂದಳು. ‘ಸರಿ, ಬೇಡ ಬಿಡು’ ಅಂದ ತಮ್ಮ. ‘ಟ್ರಸ್ಟ್ ಇಲ್ಲಾಂದ್ರೆ ಬರೀ ಅಪ್ಪನ ಹೆಬ್ಬೆಟ್ಟು ನಂಬಿ ಅಂಗಡಿ ಬಾಡಿಗೆಗೆ ಯಾರೂ ತಗೊಳ್ಳಲ್ಲ. ಬಾಡಿಗೆ ಇಲ್ಲಾಂದ್ರೆ ನರ್ಸ್ ಇಲ್ಲ. ನರ್ಸ್ ಇಲ್ಲಾಂದ್ರೆ ನೀನೇ.’ ಟ್ರಸ್ಟ್ ಆದರೂ ಅವಳೇ, ಆಗದಿದ್ದರೂ ಅವಳೇ. ಬೀಗದಪ್ಪನ ಮಗ ಅಪ್ಪನ ಕಸುಬು ಕಲಿತಿಲ್ಲ ಅಂತ ಯಾರು ಹೇಳಿದ್ದು? ಎಷ್ಟು ಒಳ್ಳೆಯ ಬೀಗ ಮಾಡಿದ್ದ!

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ಸಂದು. ಮನೆ ಅಪ್ಪನದು, ಮಾತೂ ಅಪ್ಪನದೇ ಆಗಬೇಕು. ನಾಲ್ಕನೇ ಕಲಮನ್ನು ಅಪ್ಪ ಬೇಡ ಅಂದರೆ ಉಳಿದದ್ದೆಲ್ಲ ಇದ್ದು ಅದೊಂದು ಬಿದ್ದುಹೋಗುತ್ತದೆ. ಅಂಗಡಿಗೆ ಬಾಡಿಗೆ ಬರುತ್ತದೆ, ನರ್ಸ್ ಬರುತ್ತಾಳೆ, ಅವಳು ಕಿಟಕಿಯ ರೂಮಿಗೆ ಹೋಗುತ್ತಾಳೆ. ಅಪ್ಪ ಬೇಡ ಅನ್ನದಿದ್ದರೆ ಈ ನಾಲ್ಕು ಬೀದಿ, ಈ ಬಾಗಿಲು, ಅಪ್ಪ ಹೋದಮೇಲೂ.

ಪತ್ರ ಮಾಡುವ ದಿನ ಮೊದಲು ಡಾಕ್ಟರು ಬಂದರು. ಅಪ್ಪನ ಬುದ್ಧಿ ನೆಟ್ಟಗಿದೆ ಅಂತ ಅವರು ಬರೆದುಕೊಡದೆ ವಕೀಲರು ಮುಂದಕ್ಕೆ ಹೋಗುವಂತಿರಲಿಲ್ಲ. ಹೌದು, ಇಲ್ಲ ಅನ್ನೋದಕ್ಕೆ ತಲೆ ಆಡಿಸಿ ಅನ್ನೋಣ ಅಂದರೆ ಲಕ್ವದ ನಂತರ ಅಪ್ಪನ ತಲೆ ಮೂರು ಹೊತ್ತೂ ತಾನಾಗಿ ಆಡುತ್ತಲೇ ಇತ್ತು.

‘ಯಜಮಾನ್ರೇ, ಎಡಗೈ ಎತ್ತಿ.’ ಎತ್ತಿದ. ‘ಕಣ್ಣು ಮುಚ್ಚಿ.’ ಮುಚ್ಚಿದ. ‘ಈ ಗೊಂಚಲಲ್ಲಿ ನಿಮ್ಮ ಅಂಗಡಿ ಕೀಲಿ ಯಾವುದು?’ ಕಣ್ಣು ಮುಚ್ಚಿಕೊಂಡೇ ಬೆರಳಲ್ಲಿ ತಡವಿ ಹಿಡಿದ.

‘ಮಕ್ಕಳೆಷ್ಟು ನಿಮಗೆ?’

‘ಸಾಕು.’

‘ಇನ್ನೂ ಪ್ರಶ್ನೆ ಕೇಳಲಾ?’

‘ಸಾಕು.’

ಡಾಕ್ಟರು ನಕ್ಕುಬಿಟ್ಟರು. ‘ಇಷ್ಟು ಸರಿಯಾಗಿ ಉತ್ತರ ಕೊಡೋ ಪೇಷಂಟು ನನಗೆ ಇನ್ನೊಬ್ಬರಿಲ್ಲ’ ಅಂತ ಅಲ್ಲೇ ಬರೆದುಕೊಟ್ಟು, ಸಾಕ್ಷಿಗೂ ಕೂತರು.

ವಕೀಲರು ಫೈಲು ಬಿಚ್ಚಿದರು. ‘ನಾನು ಒಂದೊಂದೇ ಕಲಮು ಓದ್ತೀನಿ ಯಜಮಾನ್ರೇ. ಕೈಸನ್ನೆ ನಡೆಯಲ್ಲ, ಬಾಯಿಮಾತಲ್ಲೇ ಹೇಳಬೇಕು. ಇಟ್ಟುಕೋ ಅನ್ನೋ ಸಾಕು ಆದ್ರೆ ಇಟ್ಕೋತೀನಿ. ನಿಲ್ಲಿಸು ಅನ್ನೋ ಸಾಕು ಆದ್ರೆ ಹೊಡೆದುಹಾಕ್ತೀನಿ. ಯಾವ ಸಾಕು ಅನ್ನೋದನ್ನ ನಿಮ್ಮ ದೊಡ್ಡ ಮಗಳು ಹೇಳ್ತಾರೆ.’ ಆಮೇಲೆ ಬ್ರೇಕಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. ‘ಪಾಲಿರೋವರು ಹೇಳಬಾರದು, ನಿಜ. ಆದ್ರೆ ನಿಮ್ಮ ತಮ್ಮ, ತಂಗಿ ಇಬ್ಬರೂ ಬರೆದುಕೊಟ್ಟಿದ್ದಾರೆ, ಅಕ್ಕನಿಗೆ ಬಿಟ್ಟು ಯಾರಿಗೂ ತಿಳಿಯಲ್ಲ, ಅಕ್ಕ ಹೇಳಿದ್ದೇ ಆಖೈರು ಅಂತ.’

ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡ. ‘ಅಕ್ಕ ಸುಳ್ಳು ಹೇಳೋಳಲ್ಲ ಸಾರ್. ಅವಳಿಗೆ ಅದು ಬರೋದೇ ಇಲ್ಲ.’ ಇದೂ ಬೀಗದ ಒಂದು ಭಾಗವೇ ಅಂತ ಅವಳಿಗೆ ಗೊತ್ತಿತ್ತು. ಅವಳ ಪ್ರಾಮಾಣಿಕತೆಯ ಮೇಲೆ ತಮ್ಮನಿಗಿದ್ದಷ್ಟು ಟ್ರಸ್ಟ್ ಬೇರೆ ಯಾರಿಗೂ ಇರಲಿಲ್ಲ.

ಮೊದಲನೇ ಕಲಮು: ಮನೆ ಅಂಗಡಿ ಟ್ರಸ್ಟಿಗೆ. ‘ಸಾ…ಕು.’

‘ಯಾವ ಸಾಕು?’

‘ಇಟ್ಟುಕೋ ಅನ್ನೋದು.’

ಎರಡನೇ ಕಲಮು: ಅಂಗಡಿ ಬಾಡಿಗೆಗೆ, ಬಾಡಿಗೆ ತಂದೆಯ ಆರೈಕೆಗೆ. ‘ಸಾ…ಕು.’ ಇಟ್ಟುಕೋ.

ಮೂರನೇ ಕಲಮು: ಅಂಗಡಿಯಲ್ಲಿರುವ ಹಳೆಯ ಬೀಗಗಳೆಲ್ಲ ಮಗನಿಗೆ. ಅಪ್ಪ ಮಗನನ್ನು ಒಂದು ಸಲ ನೋಡಿದ. ‘ಸಾಕ್.’

‘ನಿಲ್ಲಿಸು ಅನ್ನೋದು’ ಅಂದಳು ಬ್ರೇಕಮ್ಮ.

ತಮ್ಮನ ಮುಖ ಬಾಡಿತು. ‘ಹಳೇ ಕಬ್ಬಿಣ, ಅಪ್ಪ! ನೆನಪಿಗಿರಲಿ ಅಂತ ಕೇಳಿದ್ದು.’

‘ಬೀಗರ ಮನೇಲಿ ಬೀಗಕ್ಕೇನು ಬರವಾ ಅಂತಿದ್ದಾರೆ’ ಅಂದಳು. ಇಷ್ಟು ಅಪ್ಪ ಹೇಳಿರಲಿಲ್ಲ. ಆದರೆ ಅಪ್ಪನ ಬಾಯಿಯ ಸರಿಯಿದ್ದ ಅರ್ಧ ನಕ್ಕಿತು. ವಕೀಲರು ಕೆಂಪು ಶಾಯಿಯಲ್ಲಿ ಗೀಟು ಎಳೆದರು.

ನಾಲ್ಕನೇ ಕಲಮು. ವಕೀಲರು ಓದಿದರು. ವಾಸವಿರತಕ್ಕದ್ದು, ಸಾಕಿ ಸಲಹತಕ್ಕದ್ದು, ಬರತಕ್ಕದ್ದು, ಸೇರತಕ್ಕದ್ದು. ಮಂಚದ ಮೂಲೆಯಲ್ಲಿ ಬೆಕ್ಕು ಮೈ ನೆಕ್ಕಿಕೊಳ್ಳುತ್ತಿತ್ತು.

ಅಪ್ಪ ವಕೀಲರನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಆಡುತ್ತಿದ್ದ ತಲೆಯೊಳಗೆ ಆಡದೆ ನಿಂತ ಎರಡು ಕಣ್ಣು ದೊಡ್ಡ ಮಗಳ ಮೇಲೆ ಇದ್ದವು. ‘ಸಾ…ಕು’ ಅಂದ.

ಬೆಕ್ಕಿಗೆ ಅಂದಿದ್ದ ಅದೇ ಸಾಕು. ಉದ್ದಕ್ಕೆ ಎಳೆದು, ಕೊನೆಗೆ ಮೆತ್ತಗೆ, ಬಾಗಿಲು ಅರೆ ತೆರೆದು. ಅವತ್ತು ಬೆಕ್ಕಿಗೋಸ್ಕರ ಕೇಳಿದ್ದನ್ನು ಇವತ್ತು ತನಗೋಸ್ಕರ ಕೇಳಿದ್ದ. ಕಲಮು ಇರಲಿ ಅಂತಲ್ಲ, ಅವನಿಗೆ ಕಲಮಿನ ಗೊಡವೆ ಇರಲಿಲ್ಲ. ನನ್ನನ್ನು ಸಾಕು ಅಂದಿದ್ದ, ಅಷ್ಟೇ. ಇದಕ್ಕಿಂತ ಸ್ಪಷ್ಟವಾಗಿ ಅವನು ಮಾತು ಬರುತ್ತಿದ್ದ ಕಾಲದಲ್ಲೂ ಏನನ್ನೂ ಕೇಳಿರಲಿಲ್ಲ.

‘ಯಾವ ಸಾಕು?’ ಅಂತ ಕೇಳಿದರು ವಕೀಲರು.

ಅವಳ ಕಾಲು ನೆಲವನ್ನು ಒತ್ತಿತು. ನೆಲ ನಿಲ್ಲಲಿಲ್ಲ.

‘ನಿಲ್ಲಿಸು ಅನ್ನೋದು’ ಅಂದಳು.

‘ಏನು?’ ತಮ್ಮ ಎದ್ದು ನಿಂತ. ‘ಇಲ್ಲ ಸಾರ್, ನನಗೆ ಬೇರೆ ಥರ ಕೇಳಿಸ್ತು. ಉದ್ದ ಇತ್ತು. ಮೊದಲಿನೆರಡರ ಥರಾನೇ ಇತ್ತು!’

‘ನಿಮಗೆ ಇದುವರೆಗೂ ಕೇಳಿಸಿರಲಿಲ್ಲವಲ್ಲ’ ಅಂದರು ವಕೀಲರು, ಅವನೇ ಬರೆದುಕೊಟ್ಟದ್ದನ್ನು ಫೈಲಿನಿಂದ ಅರ್ಧ ಎಳೆದು ತೋರಿಸುತ್ತಾ. ‘ಆಖೈರು ಅಂತ ನೀವೇ ಬರೆದಿದ್ದೀರಿ.’

‘ಇನ್ನೊಂದು ಸಲ ಕೇಳಿ! ಅದಕ್ಕೇನಾಗುತ್ತೆ?’

ವಕೀಲರು ಫೈಲು ಮಡಿಲಲ್ಲಿಟ್ಟು ಸುಮ್ಮನೆ ಮನುಷ್ಯರ ಮಾತಿನಲ್ಲಿ ಕೇಳಿದರು. ‘ಯಜಮಾನ್ರೇ, ನಿಮ್ಮ ದೊಡ್ಡ ಮಗಳು ಇಲ್ಲೇ ಇರಬೇಕು ಅಂತ ಬರೀಲಾ?’

ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಮಗಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಿದ್ದ. ಈಗ ಅವಳನ್ನು ನೋಡಿದ. ತೆರೆಯದ ಬೀಗ ಕೈಗೆ ಬಂದಾಗ ಅಂಗಡಿಯಲ್ಲಿ ಹಾಗೆ ನೋಡುತ್ತಿದ್ದ, ಆ ಕಡೆ ಈ ಕಡೆ ತಿರುಗಿಸಿ, ಆತುರವಿಲ್ಲದೆ. ಕೊನೆಗೆ ಕಣ್ಣು ಕಿಟಕಿಯ ಕಡೆ ಹೊರಳಿಸಿದ.

‘ಸಾಕ್.’

ಟಕ್ ಅಂತ ಬಿತ್ತು. ತಮ್ಮನಿಗೂ ಕೇಳಿಸಿತು, ಡಾಕ್ಟರಿಗೂ ಕೇಳಿಸಿತು, ಅರ್ಥ ಹೇಳಲು ಯಾರೂ ಬೇಕಿರಲಿಲ್ಲ. ವಕೀಲರು ನಾಲ್ಕನೇ ಕಲಮಿನ ಮೇಲೆ ಉದ್ದಕ್ಕೆ ಗೀಟು ಎಳೆದು, ಅಪ್ಪನ ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ ಒತ್ತಿಸಿಕೊಂಡರು. ‘ಮುಗೀತಮ್ಮ. ಇನ್ನು ಮೂವರೂ ಸೇರಿ ನೋಡ್ಕೋಬೇಕು. ನೀವು ಎಲ್ಲಿ ಬೇಕಾದರೂ ಇರಬಹುದು’ ಅಂದರು. ತಮ್ಮ ಅಕ್ಕನ ಮುಖ ನೋಡದೆ, ‘ನರ್ಸ್ ಹುಡುಕ್ತೀನಿ’ ಅಂತ ಚಪ್ಪಲಿಗೆ ಹೇಳಿ ಇಳಿದುಹೋದ.

ಸ್ಕೂಲಿನ ಯಜಮಾನಿಗೆ ಫೋನು ಮಾಡಿ ಬರ್ತೀನಿ ಅಂದಳು. ಹಾಗಂದಮೇಲೆ ಪುಟ್ಟಿಯ ಬರ್ತೀನಿ ನೆನಪಾಗಿ, ‘ನಿಜವಾಗ್ಲೂ ಬರ್ತೀನಿ’ ಅಂತ ಸೇರಿಸಿದಳು. ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದಳು. ಎಷ್ಟು ವರ್ಷದಿಂದ ಬೀಗ ಹಾಕಿಯೇ ಇತ್ತೋ, ತೆರೆಯಲಿಲ್ಲ. ಬೀಗದವನ ಮನೆಯಲ್ಲಿ ಅದೊಂದರ ಕೀಲಿ ಎಲ್ಲೂ ಸಿಗಲಿಲ್ಲ. ಮೊದಲಾದರೆ ಅಪ್ಪನ ಮುಂದೆ ಹಿಡಿದರೆ ಒಂದು ತಂತಿಯಲ್ಲಿ ತೆಗೆದುಕೊಡುತ್ತಿದ್ದ, ಜೊತೆಗೆ ಒಂದು ಜೋಕು ಬಿಟ್ಟಿ. ಈಗ ಅವನ ಕೋಣೆಯನ್ನು ದಾಟಿಸಿಕೊಂಡು ಹೋಗಲೂ ಅವಳಿಗೆ ಧೈರ್ಯ ಬರಲಿಲ್ಲ. ಸೂಟ್‌ಕೇಸನ್ನು ಅಡುಗೆಮನೆಯಲ್ಲೇ ಬಿಟ್ಟಳು.

ಸಂಜೆ ಗಂಜಿ ಆರಿಸಿಕೊಂಡು ಹೋಗಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಕೂತರೆ ಮೊಣಕಾಲು ಮಂಚದ ಚೌಕಟ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವಷ್ಟು ಇಕ್ಕಟ್ಟು. ಎಷ್ಟು ಕಾಲದಿಂದ ಹಾಗೇ ಕೂರುತ್ತಿದ್ದಳೋ, ಇವತ್ತು ಮೊದಲ ಸಲ ನೋವಾಯಿತು. ಅಪ್ಪನ ಹೆಬ್ಬೆರಳಿಗೆ ಶಾಯಿ ಹಾಗೇ ಇತ್ತು. ಒದ್ದೆ ಬಟ್ಟೆಯಿಂದ ಉಜ್ಜಿದಳು. ಪೂರ್ತಿ ಹೋಗಲಿಲ್ಲ.

‘ಅಪ್ಪಾ, ನಿಮ್ಮ ಮಾತು ಹೋದ ದಿನದಿಂದ ನಾನು ನಿಮಗೆ ಒಂದು ಸುಳ್ಳೂ…’ ಅಂತ ಶುರು ಮಾಡಿದಳು. ಮುಂದಕ್ಕೆ ಹೋಗಲಿಲ್ಲ. ಮಾತು ಕಳೆದುಕೊಳ್ಳಲು ಲಕ್ವವೇ ಹೊಡೆಯಬೇಕು ಅಂತೇನಿಲ್ಲ.

ಒಂದು ಚಮಚ. ಬಾಯಿ ತೆರೆದ, ನುಂಗಿದ. ಇನ್ನೊಂದು ಚಮಚ. ನುಂಗಿದ. ಬೆಕ್ಕು ಕಿಟಕಿಯಿಂದ ಇಳಿದು ಮೂಲೆಯಲ್ಲಿ ಕಾಯುತ್ತಾ ಕೂತಿತು.

ಮೂರನೆಯದನ್ನು ಬಾಯಿಯ ಹತ್ತಿರ ತಂದಾಗ ಅಪ್ಪ ಅವಳನ್ನು ನೋಡಿ ಅಂದ, ‘ಸಾಕು.’

ಉದ್ದಕ್ಕೂ ಇರಲಿಲ್ಲ, ಚಿಕ್ಕದೂ ಇರಲಿಲ್ಲ. ಮುಚ್ಚಿರಲೂ ಇಲ್ಲ, ತೆರೆದಿರಲೂ ಇಲ್ಲ.

‘ಏನಪ್ಪಾ?’

‘ಸಾಕು.’

ಅವಳು ಬಗ್ಗಿ ಕಿವಿ ಕೊಟ್ಟಳು. ಅಪ್ಪ ಇನ್ನೊಂದು ಸಲ ಅನ್ನಲಿಲ್ಲ. ಬೆಕ್ಕು ಅವಳ ಮುಖವನ್ನೇ ನೋಡುತ್ತಿತ್ತು, ತನ್ನ ಪಾಲು ಬರುತ್ತದೋ ಇಲ್ಲವೋ ಅಂತ. ಚಮಚ ಅಪ್ಪನ ಬಾಯಿಗೂ ಬಟ್ಟಲಿಗೂ ನಡುವೆ ಹಾಗೇ ನಿಂತಿತ್ತು, ಮಂಚದ ಕೆಳಗೆ ಅವಳ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಿತ್ತು.